ರಜಾಕನ ಮಹಡಿ, ಮನೆಯ ಮೆಟ್ಟಿಲು: ಗೊಂಬೆ ಹಬ್ಬಕ್ಕೆ ರಾಮಾಯಣ ಬಂದ ದಾರಿ

ದಸರಾ ಗೊಂಬೆಯ ಚರಿತ್ರೆ ಬರೆಯಹೊರಟವರು ಹೆಚ್ಚುಕಡಿಮೆ ಎಲ್ಲರೂ ಹಂಪೆಯಿಂದಲೇ ಹೊರಡುತ್ತಾರೆ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಮಹಾನವಮಿಯ ಬಯಲಿನಲ್ಲಿ ಎದ್ದಿದ್ದ ಬಹುಮಹಡಿಯ ಮಂಟಪಗಳನ್ನೂ, ಅವುಗಳ ಮೇಲೆ ತುಂಬಿದ್ದ ಮನುಷ್ಯರ, ಪ್ರಾಣಿಪಕ್ಷಿಗಳ ರೂಪಗಳನ್ನೂ ವರ್ಣಿಸಿದ್ದಾನೆ. ಅದೇ ಗೊಂಬೆ ಮೆಟ್ಟಿಲಿನ ಮೊದಲ ದಾಖಲೆ. ಮಹಾನವಮಿ ದಿಬ್ಬದ ಸಾಲುಸಾಲು ಶಿಲ್ಪ ಅದರ ಕಲ್ಲಿನ ರೂಪ. ಹಜಾರ ರಾಮನ ಗುಡಿಯ ಗೋಡೆಯ ಮೇಲಿರುವ ಮೂರು ಸಾಲಿನ ರಾಮಾಯಣವೇ ಇಂದು ಮನೆಗಳಲ್ಲಿ ಕೂರಿಸುವ ರಾಮಾಯಣದ ಸೆಟ್‌ಗಳ ಮೂಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಹಬ್ಬವನ್ನು ಕೈಗೆತ್ತಿಕೊಂಡರು, ಅಲ್ಲಿಂದ ಅದು ಮೈಸೂರು ಸೀಮೆಯ ಮನೆಮನೆಗೆ ಇಳಿಯಿತು. ಇಷ್ಟೇ ವಾದ. ಇದು ಎಷ್ಟು ಕೈ ದಾಟಿ ಬಂದಿದೆಯೆಂದರೆ ಮೊದಲು ಹೇಳಿದವರು ಯಾರೆಂದು ಹುಡುಕುವುದೇ ವ್ಯರ್ಥ. ಆದ್ದರಿಂದ ಯಾರ ಹೆಸರನ್ನೂ ಎತ್ತದೆ ಇದನ್ನು ‘ಹಂಪೆ ವಾದ’ ಎಂದು ಕರೆಯುತ್ತೇನೆ.

ದಸರೆ ಎಂಬ ಅರಸೊತ್ತಿಗೆಯ ಹಬ್ಬ ವಿಜಯನಗರದಿಂದ ಮೈಸೂರಿಗೆ ಬಂತೆಂಬುದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಗೊಂಬೆಯದು. ಅದರಲ್ಲೂ ಗೊಂಬೆಗಳ ನಡುವೆ ಕಾಣುವ ರಾಮಾಯಣದ್ದು. ಹಬ್ಬ ಬಂದ ದಾರಿಯಲ್ಲೇ ಗೊಂಬೆಯೂ ಬಂದಿರಬೇಕು, ಗೊಂಬೆ ಬಂದ ದಾರಿಯಲ್ಲೇ ರಾಮನೂ ಬಂದಿರಬೇಕು ಎಂದು ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದಲೇ ಎಡವಟ್ಟಾಗಿದೆ.

ಮೊದಲು ರಜಾಕ್. ಹೆರಾತಿನ ಶಾರೂಖನ ರಾಯಭಾರಿಯಾಗಿ ಕಲ್ಲಿಕೋಟೆಗೆ ಬಂದಿಳಿದು, ಅಲ್ಲಿಂದ ಇಮ್ಮಡಿ ದೇವರಾಯನ ಕರೆಯ ಮೇಲೆ ವಿಜಯನಗರಕ್ಕೆ ಬಂದವನು. ಹಬ್ಬದ ಬಗ್ಗೆ ಅವನು ಬರೆದಿರುವುದರ ಸಾರಾಂಶ ಹೀಗಿದೆ. ಮೂರು ನಾಲ್ಕು ತಿಂಗಳ ಪ್ರಯಾಣದಷ್ಟು ದೂರದ ನಾಯಕರು ಸಹ ಅರಸನ ಅಪ್ಪಣೆಯಂತೆ ಸಿಂಗರಿಸಿದ ಆನೆಗಳೊಂದಿಗೆ ಬಂದು ನೆರೆದರು. ವಿಶಾಲವಾದ ಬಯಲಿನಲ್ಲಿ ಮೂರು, ನಾಲ್ಕು, ಐದು ಮಹಡಿಗಳ ಮಂಟಪಗಳು ಎದ್ದವು. ಅವುಗಳ ಮೇಲೆ ಮನುಷ್ಯರು, ಪ್ರಾಣಿಗಳು, ಪಕ್ಷಿಗಳು, ಕೊನೆಗೆ ನೊಣ ಸೊಳ್ಳೆಗಳವರೆಗೆ ಕಲ್ಪನೆಗೆ ಬರುವ ಎಲ್ಲದರ ರೂಪವೂ ಸೂಕ್ಷ್ಮವಾದ ಕೆಲಸದಲ್ಲಿ ಮೂಡಿತ್ತು. ಕೆಲವು ಮಂಟಪಗಳು ತಿರುಗುತ್ತಿದ್ದವು; ಗಳಿಗೆಗೊಂದು ಮುಖ ತೋರಿಸುತ್ತಿದ್ದವು. ಬಯಲಿನ ಎದುರಿಗೆ ಕಂಬಗಳ ಮೇಲೆ ಒಂಬತ್ತು ನೆಲೆಯ ಅರಮನೆ, ಒಂಬತ್ತನೆಯದರಲ್ಲಿ ಅರಸನ ಸಿಂಹಾಸನ. ರಜಾಕನಿಗೆ ಕೊಟ್ಟದ್ದು ಏಳನೆಯದು; ಅವನ ಗೆಳೆಯರ ಹೊರತು ಬೇರೆ ಯಾರನ್ನೂ ಅಲ್ಲಿಗೆ ಬಿಡಲಿಲ್ಲ. ಈ ಅರಮನೆಗೂ ಮಂಟಪಗಳಿಗೂ ನಡುವಿನ ಜಾಗದಲ್ಲಿ ಹಾಡುವವರೂ ಕತೆ ಹೇಳುವವರೂ ತಮ್ಮ ತಮ್ಮ ವಿದ್ಯೆ ತೋರಿಸಿದರು.

ಇದರಲ್ಲಿ ಗೊಂಬೆಯನ್ನು ಕಂಡವರು ಓದಿದ್ದು ಎರಡೇ ಮಾತು: ಮಹಡಿ ಮತ್ತು ರೂಪ. ‘ಒಂಬತ್ತು’ ಎಂಬ ಸಂಖ್ಯೆ ಕಂಡೊಡನೆ ಅವರ ಉತ್ಸಾಹ ಇಮ್ಮಡಿಸಿತು. ಒಂಬತ್ತು ನೆಲೆ, ಒಂಬತ್ತು ಮೆಟ್ಟಿಲು, ಒಂಬತ್ತು ರಾತ್ರಿ! ಆದರೆ ರಜಾಕನ ಒಂಬತ್ತು ನೆಲೆಗಳಲ್ಲಿ ರೂಪಗಳಿರಲಿಲ್ಲ, ಜನರಿದ್ದರು. ಮೇಲೆ ಅರಸ, ಕೆಳಗೆ ಅತಿಥಿ, ಅವನ ಜೊತೆ ಅವನ ಗೆಳೆಯರು. ರೂಪಗಳಿದ್ದದ್ದು ಎದುರುಗಡೆಯ ಮಂಟಪಗಳ ಮೇಲೆ. ಅವುಗಳ ಮಹಡಿಗಳೋ ಮೂರರಿಂದ ಐದು. ಹಂಪೆ ವಾದದವರು ಅರಮನೆಯ ಸಂಖ್ಯೆಯನ್ನು ಮಂಟಪಕ್ಕೂ, ಮಂಟಪದ ರೂಪಗಳನ್ನು ಅರಮನೆಗೂ ಸಾಗಿಸಿ ಇಲ್ಲದ ಮೂರನೆಯ ಕಟ್ಟಡವೊಂದನ್ನು ಕಟ್ಟಿದ್ದಾರೆ. ಮೈಸೂರು ಕಡೆಯ ಮನೆಗಳಲ್ಲಿ ಮೆಟ್ಟಿಲು ಬೆಸಸಂಖ್ಯೆಯಲ್ಲಿರಬೇಕೆಂಬ ನಂಬಿಕೆಯಿದೆಯೇ ಹೊರತು ಒಂಬತ್ತೇ ಇರಬೇಕೆಂಬ ಕಟ್ಟಲೆ ಇಲ್ಲ. ಮೂರು, ಐದು, ಏಳು ಮೆಟ್ಟಿಲಿಟ್ಟವರ ಹಬ್ಬವೂ ಪೂರ್ಣ ಹಬ್ಬವೇ.

ಆ ರೂಪಗಳಾದರೂ ಎಂಥವು? ಮಂಟಪದ ಮೈಗೆ ಅಂಟಿಕೊಂಡ ಅಲಂಕಾರ ಅವು, ಇಟ್ಟು ತೆಗೆಯುವಂಥವಲ್ಲ. ನೊಣ ಸೊಳ್ಳೆಗಳ ಮಾತು ಇಲ್ಲಿ ಮುಖ್ಯ. ಕುಶಲಕರ್ಮಿ ತನ್ನ ಕೈಚಳಕ ತೋರಿಸಲು ಸೃಷ್ಟಿಯಲ್ಲಿ ಕಾಣುವುದನ್ನೆಲ್ಲ ಕೆತ್ತಿಯೋ ಬರೆದೋ ತುಂಬಿದ್ದಾನೆ. ಕತೆ ಹೇಳುವ ಶಿಲ್ಪದಲ್ಲಿ ಹೀಗಾಗುವುದಿಲ್ಲ. ಅಲ್ಲಿ ಒಂದು ಜಿಂಕೆ ನಿಂತರೂ ಅದು ಮಾರೀಚನೇ ಆಗಬೇಕು. ರಜಾಕನಿಗೆ ರಾಮಾಯಣ ಗೊತ್ತಿರಲಿಲ್ಲ, ಆದ್ದರಿಂದ ಹೆಸರಿಸಲಿಲ್ಲ ಎಂದು ಕೆಲವರು ಅಡ್ಡ ಹಾಕುತ್ತಾರೆ. ಹತ್ತು ತಲೆಯ ರಾಕ್ಷಸನನ್ನು ಕಂಡಿದ್ದರೆ, ಸೇತುವೆ ಕಟ್ಟುವ ಕೋತಿಗಳನ್ನು ಕಂಡಿದ್ದರೆ, ಕತೆ ಗೊತ್ತಿಲ್ಲದ ಕಾರಣಕ್ಕೇ ಆ ಪರದೇಶಿ ಇನ್ನಷ್ಟು ಬೆರಗಿನಿಂದ ಬರೆಯುತ್ತಿದ್ದ. ಸೊಳ್ಳೆಯನ್ನು ಗಮನಿಸಿದ ಕಣ್ಣಿಗೆ ರಾವಣ ತಪ್ಪಿದನೆಂದು ನಾನು ನಂಬಲಾರೆ.

ಇನ್ನೊಂದು ತೊಡಕನ್ನು ಹಂಪೆ ವಾದದವರು ಮುಟ್ಟುವುದೇ ಇಲ್ಲ. ರಜಾಕ್ ಹಬ್ಬವನ್ನು ಮಹಾನವಮಿಯೆಂದೇ ಕರೆದಿದ್ದಾನೆ, ಸರಿ. ಆದರೆ ಅದು ನಡೆದದ್ದು ರಜಬ್ ತಿಂಗಳ ಮೂರು ದಿನವೆಂದೂ ಬರೆದಿದ್ದಾನೆ. ಹಿಜರಿ 847 ಶುರುವಾದದ್ದು 1443ರ ಮೇ ತಿಂಗಳ ಆರಂಭದಲ್ಲಿ. ಅದರ ಏಳನೆಯ ತಿಂಗಳಾದ ರಜಬ್ ಬರುವುದು ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ನಾಲ್ಕನೆಯ ವಾರದವರೆಗೆ. ಆ ವರ್ಷ ಆಶ್ವಯುಜ ಶುದ್ಧ ದಶಮಿ ಅಕ್ಟೋಬರ್ ಮೊದಲ ವಾರದಲ್ಲೇ ಮುಗಿದಿತ್ತು. ಅಂದರೆ ರಜಬ್ ಕಾಲಿಡುವ ಹೊತ್ತಿಗೆ ನಮ್ಮ ಲೆಕ್ಕದಲ್ಲಿ ಕಾರ್ತಿಕ ಮಾಸ. ಬನ್ನಿ ಹಂಚಿ ಮೂರು ವಾರ ಕಳೆದಿತ್ತು. ಹೆಸರು ಒಂದು ಹಬ್ಬದ್ದು, ತಿಂಗಳು ಇನ್ನೊಂದರದ್ದು. ಊರಿಗೆ ಮರಳಿ ಎಷ್ಟೋ ವರ್ಷಗಳ ಮೇಲೆ ತನ್ನ ಗ್ರಂಥ ಬರೆದು ಮುಗಿಸಿದ ರಜಾಕ್ ತಿಂಗಳನ್ನು ತಪ್ಪಾಗಿ ನೆನೆದಿರಬಹುದು, ಅಥವಾ ಎರಡು ಉತ್ಸವಗಳನ್ನು ಕಲಸಿರಬಹುದು. ಈ ಗಂಟು ಹೊಸದೇನಲ್ಲ. ವಿಜಯನಗರದ ಮೇಲೆ ಇಂಗ್ಲಿಷಿನಲ್ಲಿ ಕೆಲಸ ಮಾಡಿದ ಹಿಂದಿನವರು ಇದನ್ನು ಕಂಡಿದ್ದರು. ಕನ್ನಡದ ಹಬ್ಬದ ಬರಹಗಳಿಗೆ ಮಾತ್ರ ವರ್ಣನೆ ಬಂತು, ತಿಥಿಯ ತೊಡಕು ಬರಲಿಲ್ಲ. (ಇದು ಒಂದೇ ಕಡೆ ಆದದ್ದಲ್ಲ. ಪ್ರವಾಸಿಗಳ ಮಾತನ್ನು ಮೂಲದ ಟಿಪ್ಪಣಿಗಳಿಲ್ಲದೆ ಎತ್ತಿಕೊಳ್ಳುವುದು ನಮ್ಮಲ್ಲಿ ಬೇರೂರಿದ ಚಾಳಿ.) ಈ ಒಂದು ಕಾರಣಕ್ಕೆ ಸಾಕ್ಷ್ಯವನ್ನೇ ಬಿಸಾಡಬೇಕೆಂದು ನಾನು ಹೇಳುತ್ತಿಲ್ಲ. ತಿಥಿಯಲ್ಲೇ ಸಂದೇಹವಿರುವ ದಾಖಲೆಯ ಮೇಲೆ ಒಂದು ಮನೆಯಾಚಾರದ ಹುಟ್ಟನ್ನು ನಿಲ್ಲಿಸಬಾರದು, ಅಷ್ಟೆ.

ವಿಚಿತ್ರವೆಂದರೆ, ಹಂಪೆ ವಾದಕ್ಕೆ ರಜಾಕನಿಗಿಂತ ಗಟ್ಟಿಯಾದ ಸಾಕ್ಷ್ಯವಿದೆ. ಅದನ್ನು ಅವರು ಬಳಸಿಯೇ ಇಲ್ಲ. ಅವರ ಪರವಾಗಿ ನಾನೇ ಮಂಡಿಸುತ್ತೇನೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಹಬ್ಬ ನೋಡಿದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ರಾತ್ರಿಯ ಬಾಣಬಿರುಸು ಮುಗಿದ ಮೇಲೆ ನಾಯಕರ ವಿಜಯರಥಗಳು ಒಂದರ ಹಿಂದೊಂದು ಅರಸನೆದುರು ಸಾಗಿದ್ದನ್ನು ಬರೆದಿದ್ದಾನೆ. ಮೊದಲನೆಯದು ಮಂತ್ರಿ ಸಾಳುವ ತಿಮ್ಮನದು. ಕೆಲವು ರಥಗಳ ಮೇಲೆ ಬೆಲೆಬಾಳುವ ಬಟ್ಟೆ ಹೊದಿಸಿ ನರ್ತಕಿಯರ ಮತ್ತು ಇತರ ಮನುಷ್ಯರ ರೂಪಗಳನ್ನು ಜೋಡಿಸಿದ್ದರು. ಇನ್ನು ಕೆಲವು ರಥಗಳು ಒಂದರ ಮೇಲೊಂದು ಅಂತಸ್ತಿನವು. ಅಚ್ಯುತರಾಯನ ಕಾಲದ ಇನ್ನೊಬ್ಬ ಪೋರ್ಚುಗೀಸ್ ನೂನಿಜ್ ಇನ್ನೂ ಸ್ಪಷ್ಟ: ಅರಮನೆಯೆದುರಿನ ಬಯಲಿನಲ್ಲಿ ಒಂಬತ್ತು ಮಂದಿ ಮುಖ್ಯ ನಾಯಕರು ಒಂಬತ್ತು ಎತ್ತರದ ಗೋಪುರಗಳನ್ನು ಕಟ್ಟಿಸಿ ಬಟ್ಟೆಗಳಿಂದ ಸಿಂಗರಿಸುತ್ತಿದ್ದರು, ಅವುಗಳಲ್ಲಿ ಕುಣಿಯುವ ಹೆಂಗಸರೂ ಬಗೆಬಗೆಯ ಚಮತ್ಕಾರಗಳೂ ಇರುತ್ತಿದ್ದವು, ಉಳಿದ ನಾಯಕರೂ ತಲೆಗೊಂದರಂತೆ ಇಂಥದ್ದನ್ನು ಮಾಡಿಸಿ, ತಮ್ಮ ತಮ್ಮ ವಿಶೇಷದೊಂದಿಗೆ ಅರಸನಿಗೆ ತೋರಿಸಲೇಬೇಕಿತ್ತು.

ಇಲ್ಲಿ ಅಂತಸ್ತು ಇದೆ, ಬಟ್ಟೆಯ ಹೊದಿಕೆ ಇದೆ, ಮನುಷ್ಯರೂಪ ಇದೆ, ಒಂಬತ್ತೂ ಇದೆ, ತಿಥಿಯ ತೊಡಕಿಲ್ಲ. ಆದರೂ ಇದು ಗೊಂಬೆ ಮೆಟ್ಟಿಲಲ್ಲ. ನೂನಿಜ್ ಹೇಳುವ ‘ಮಾಡಿಸಲೇಬೇಕು’ ಎಂಬ ಮಾತೇ ಇದನ್ನು ಬಿಡಿಸುತ್ತದೆ. ನಾಯಕನು ಅರಸನಿಗೆ ಸಲ್ಲಿಸಬೇಕಾದ ಸೇವೆ ಇದು. ಕಪ್ಪಕಾಣಿಕೆ, ಆನೆ ಕುದುರೆ, ಕಾಲಾಳುಗಳ ಲೆಕ್ಕದ ಜೊತೆಗೇ ಬರುವ ಬಾಧ್ಯತೆ. ನೋಡುಗ ಒಬ್ಬನೇ, ಅವನು ಅರಸ, ತೋರಿಸುವವರು ಹಲವರು. ಮನೆಯ ಗೊಂಬೆಯಲ್ಲಿ ತೋರಿಸುವುದು ಒಂದು ಮನೆ, ನೋಡಲು ಬರುವುದು ಇಡೀ ಬೀದಿ. ಕೇಳಿ ಬರುವವರು ಮಕ್ಕಳು. ‘ಗೊಂಬೆ ಕೂರ್ಸಿದೀರಾ?’ ಎಂದು ಬಾಗಿಲಲ್ಲಿ ನಿಂತು ಕೇಳುವ ಮಗುವಿಗೆ ಬೆಂಡು ಬತ್ತಾಸನ್ನೋ ಕಡಲೆಕಾಳಿನ ಉಸಲಿಯನ್ನೋ ಕೊಟ್ಟು ಕಳಿಸಬೇಕು. ಬಂದ ಹೆಂಗಸರಿಗೆ ಅರಿಶಿನ ಕುಂಕುಮ ಕೊಡಬೇಕು, ಒಂದು ಹಾಡು ಹೇಳಿಸಬೇಕು. ಹಂಪೆಯ ಬಯಲಿನಿಂದ ಈ ನಡುಮನೆಗೆ ಬರಬೇಕಾದರೆ ಕೊಡುವವರು, ಪಡೆಯುವವರು, ಗಂಡಸರು, ಹೆಂಗಸರು ಎಲ್ಲರ ಸ್ಥಾನವೂ ತಲೆಕೆಳಗಾಗಬೇಕು. ಹಾಗೆ ಆಗಬಾರದೆಂದಿಲ್ಲ. ಆಗಿದೆಯೆಂದು ಹೇಳುವವರು ಹೇಗಾಯಿತೆಂದು ತೋರಿಸಬೇಕಲ್ಲ?

ಹಜಾರ ರಾಮನ ಗುಡಿಯ ವಿಷಯದಲ್ಲಿ ನಾನು ಹೆಚ್ಚು ಎಚ್ಚರದಿಂದ ಮಾತಾಡಬೇಕು. ಈ ಗುಡಿಯ ಮೇಲೆ ಜಾನ್ ಫ್ರಿಟ್ಜ್, ಜಾರ್ಜ್ ಮಿಚೆಲ್, ಅನ್ನಾ ದಲ್ಲಾಪಿಕ್ಕೊಲಾ ಮೊದಲಾದವರು ಮಾಡಿರುವ ಕೆಲಸವನ್ನು ನಾನು ಗುರುಸ್ಥಾನದಲ್ಲಿಟ್ಟು ಓದಿದವನು. ಅರಮನೆ ಆವರಣದ ನಟ್ಟನಡುವೆ ರಾಮನನ್ನು ನಿಲ್ಲಿಸಿ ಅರಸನನ್ನೂ ರಾಮನನ್ನೂ ಒಬ್ಬರಲ್ಲೊಬ್ಬರು ಕಾಣುವಂತೆ ನಗರವನ್ನು ರೂಪಿಸಿದ್ದಾರೆಂಬ ಅವರ ವಾದ ಕಲ್ಲಿನ ಮೇಲೆ ನಿಂತ ವಾದ. ಆದರೆ ಅವರು ಮಾತಾಡಿದ್ದು ಗುಡಿಯ ಬಗ್ಗೆ, ಊರಿನ ವಿನ್ಯಾಸದ ಬಗ್ಗೆ. ಅದನ್ನು ಗೊಂಬೆಗೆ ಎಳೆದು ತಂದವರು ನಮ್ಮವರು.

ಗೋಡೆಯನ್ನೇ ನೋಡೋಣ. ಗರ್ಭಗುಡಿ ಮತ್ತು ರಂಗಮಂಟಪದ ಹೊರಮೈಯಲ್ಲಿ ಮೂರು ಸಾಲುಗಳಲ್ಲಿ ರಾಮಾಯಣದ ನೂರಕ್ಕೂ ಮಿಕ್ಕಿದ ಫಲಕಗಳಿವೆ. ಒಂದು ಸಾಲನ್ನು ಹಿಡಿದರೆ ಗುಡಿಯನ್ನು ಒಂದು ಸುತ್ತು ಬರಬೇಕು. ಕತೆ ಪೂರ್ತಿಯಾಗಲು ಮೂರು ಸುತ್ತು. ನಿಂತಲ್ಲಿ ನಿಂತು ಮೇಲಿನಿಂದ ಕೆಳಕ್ಕೆ ಮೂರು ಫಲಕಗಳನ್ನು ಒಟ್ಟಿಗೆ ನೋಡಿದವನಿಗೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಾಂಡದ ತುಣುಕುಗಳು ಸಿಗುತ್ತವೆ. ಇದು ನಡೆಯುವ ಕಾಲಿಗಾಗಿ ಮಾಡಿದ ಕೆಲಸ, ಪ್ರದಕ್ಷಿಣೆಯ ರಾಮಾಯಣ. ಗೊಂಬೆ ಮೆಟ್ಟಿಲನ್ನು ಸುತ್ತಲಾಗುವುದಿಲ್ಲ, ಅದು ಗೋಡೆಗೆ ಒರಗಿ ನಿಂತಿರುತ್ತದೆ. ಎದುರು ಕೂತವನು ತಲೆಯೆತ್ತಿ ಮೇಲಿನಿಂದ ಕೆಳಕ್ಕೆ ನೋಡುತ್ತಾನೆ. ಮೇಲೆ ದೇವರು, ಅದರ ಕೆಳಗೆ ಅವತಾರಗಳು, ಋಷಿಗಳು, ದಾಸರು, ಆಮೇಲೆ ಮದುವೆ ದಿಬ್ಬಣ, ವಾದ್ಯದವರು, ಕೊನೆಗೆ ಸಂತೆ. ಮೆಟ್ಟಿಲಿನ ಎತ್ತರ ಅಂತಸ್ತನ್ನು ಹೇಳುತ್ತದೆಯೇ ಹೊರತು ಕತೆಯ ಮುಂದುವರಿಕೆಯನ್ನಲ್ಲ. ಎರಡರಲ್ಲೂ ‘ಸಾಲು’ ಇದೆ ಎಂಬುದೊಂದೇ ಹೋಲಿಕೆ. ಆ ಲೆಕ್ಕಕ್ಕೆ ಬಂದರೆ ಕಿರಾಣಿ ಅಂಗಡಿಯ ಹಲಗೆಗಳಿಗೂ ಹಂಪೆಯೇ ಮೂಲವಾಗಬೇಕು.

ಅದೇ ಗುಡಿಯ ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ಕಾಲಾಳು, ಕುಣಿಯುವ ಹೆಂಗಸರ ಸಾಲುಗಳಿವೆ. ಮಹಾನವಮಿಯ ಮೆರವಣಿಗೆಯನ್ನು ಹೋಲುವುದು ಅದೇ. ಶಿಲ್ಪಿ ಉತ್ಸವವನ್ನು ಹೊರಗಿಟ್ಟ, ರಾಮಾಯಣವನ್ನು ಒಳಗಿಟ್ಟ. ಮೆರವಣಿಗೆಯ ಸಾಲಿಗೆ ರಾಮಾಯಣವನ್ನು ಬೆರೆಸಲಿಲ್ಲ. ಪಾಯೆಸ್ ಮತ್ತು ನೂನಿಜರ ರಥ, ಗೋಪುರಗಳಲ್ಲಿ ರಾಮನ ಸುಳಿವಿಲ್ಲದಿರುವುದಕ್ಕೆ ಇದು ಸರಿಹೊಂದುತ್ತದೆ. ಆ ಊರಿನಲ್ಲಿ ರಾಮ ಎಲ್ಲೆಲ್ಲೂ ಇದ್ದ. ಆದರೆ ಈಗ ಉಳಿದಿರುವ ಸಾಕ್ಷ್ಯದ ಮಟ್ಟಿಗೆ, ಹಬ್ಬದ ಬಯಲಿಗೆ ಗೊಂಬೆಯಾಗಿ ಬಂದಿರಲಿಲ್ಲ.

ಇನ್ನು ಭೂಪಟ. ಹಂಪೆಯೇ ತವರಾಗಿದ್ದರೆ ಗೊಂಬೆ ಕೂರಿಸುವ ಪದ್ಧತಿ ಹೊಸಪೇಟೆ, ಕೊಪ್ಪಳ, ರಾಯಚೂರುಗಳ ಕಡೆ ದಟ್ಟವಾಗಿರಬೇಕಿತ್ತು. ಉತ್ತರ ಕರ್ನಾಟಕದ ನವರಾತ್ರಿಯ ಜೀವಾಳ ಘಟ್ಟ ಹಾಕುವುದು, ಒಂಬತ್ತು ದಿನ ನಂದದಂತೆ ದೀಪ ಕಾಯುವುದು, ಮಣ್ಣಿನಲ್ಲಿ ಧಾನ್ಯ ಮೊಳೆಯಿಸುವುದು, ಬನ್ನಿ ಕೊಟ್ಟು ಬಂಗಾರದ ಮಾತಾಡುವುದು. ಗೊಂಬೆ ಮೆಟ್ಟಿಲು ಅಲ್ಲಿನ ಮನೆಗಳ ಸಾಮಾನ್ಯ ರೂಢಿಯಲ್ಲ. ಅದು ಹಳೇ ಮೈಸೂರಿನದು, ತಮಿಳು ಸೀಮೆಯದು, ತೆಲುಗು ನಾಡಿನದು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ರಾಜಧಾನಿಯೇ ದಕ್ಷಿಣಕ್ಕೆ ಹೋಯಿತು, ಆಚಾರವೂ ಜನರ ಜೊತೆ ಹೋಯಿತು ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಅರಸರು ಹೋದರೂ ಹಳ್ಳಿಯ ಮನೆಗಳು ಹೋಗಲಿಲ್ಲವಲ್ಲ? ಮನೆಯಲ್ಲಿ ಬೇರುಬಿಟ್ಟ ಆಚಾರ ಅರಮನೆ ಖಾಲಿಯಾದೊಡನೆ ಸುತ್ತಲಿನ ಸೀಮೆಯಿಂದಲೇ ಮಾಯವಾಯಿತೆಂದರೆ, ಅದು ಮನೆಯಲ್ಲಿ ಬೇರುಬಿಟ್ಟಿರಲಿಲ್ಲವೆಂದೇ ಅರ್ಥ.

ತೆಲುಗು ನಾಡಿನ ಸಾಕ್ಷ್ಯವಂತೂ ಹಂಪೆ ವಾದದ ಬುಡಕ್ಕೇ ಕೊಡಲಿಯಿಡುತ್ತದೆ. ಆಂಧ್ರದಲ್ಲಿ ಬೊಮ್ಮಲ ಕೊಲುವನ್ನು, ಅಂದರೆ ಗೊಂಬೆ ಮೆಟ್ಟಿಲನ್ನು, ದಸರೆಗೆ ಇಡುವವರಿದ್ದಾರೆ, ಸಂಕ್ರಾಂತಿಗೆ ಇಡುವವರೂ ಇದ್ದಾರೆ. ಸುಗ್ಗಿಯ ಹಬ್ಬಕ್ಕೂ ಅರಸನ ಆಯುಧಪೂಜೆಗೂ ಏನು ನಂಟು? ಮೆಟ್ಟಿಲು, ಹೊದಿಕೆ, ಅರಿಶಿನ ಕುಂಕುಮದ ಪೇರಂಟಕ್ಕೆ ಬರುವ ಹೆಂಗಸರು, ಮಕ್ಕಳು, ಗೊಂಬೆ ಎಲ್ಲವೂ ಮಹಾನವಮಿಯ ಹಂಗಿಲ್ಲದೆ ಜನವರಿಯಲ್ಲಿ ನಿಲ್ಲುತ್ತವೆಯೆಂದರೆ ಇದು ಹೆಂಗಸರ, ಮಕ್ಕಳ ಸ್ವತಂತ್ರ ಆಚಾರವಾಗಿದ್ದು ಬೇರೆಬೇರೆ ಸೀಮೆಯಲ್ಲಿ ಬೇರೆಬೇರೆ ಹಬ್ಬಕ್ಕೆ ಹೋಗಿ ಸೇರಿಕೊಂಡಿದೆ ಎನ್ನುವುದೇ ಸರಳವಾದ ವಿವರಣೆ. ಮೈಸೂರಿನಲ್ಲಿ ದಸರೆ ದೊಡ್ಡ ಹಬ್ಬವಾಗಿತ್ತು, ಅಲ್ಲಿ ದಸರೆಗೆ ಸೇರಿತು. (ದೇವೀಮಾಹಾತ್ಮ್ಯದ ಸುರಥ ರಾಜ ನದೀತೀರದಲ್ಲಿ ಮಣ್ಣಿನ ಮೂರ್ತಿ ಮಾಡಿ ಪೂಜಿಸಿದ್ದರಿಂದ ಗೊಂಬೆ ಹಬ್ಬ ಹುಟ್ಟಿತೆನ್ನುವವರೂ ಇದ್ದಾರೆ. ಅಲ್ಲಿರುವುದು ದೇವಿಯ ಮೂರ್ತಿ. ಗೊಂಬೆಗಳ ನಡುವೆ ಕೂರುವ ಶೆಟ್ಟಿಯ ಅಂಗಡಿ ಅಲ್ಲಿಂದ ಹೊರಡುವುದಿಲ್ಲ. ಆ ವಾದವನ್ನು ಇಲ್ಲಿಗೇ ಬಿಡುತ್ತೇನೆ.)

ಹಾಗಾದರೆ ರಾಮಾಯಣ ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕಬೇಕಾದದ್ದು ಪ್ರವಾಸಿಗಳ ಪುಸ್ತಕದಲ್ಲಲ್ಲ. ಗೊಂಬೆ ಕೂರಿಸುವ ಕ್ರಮದಲ್ಲಿ. ಅದನ್ನು ಆಕರವೆಂದು ನಮ್ಮ ಚರಿತ್ರಕಾರರು ಇನ್ನೂ ಒಪ್ಪಿಲ್ಲ. ಬಹುಶಃ ಅದು ಹೆಂಗಸರ ಕೈಯಲ್ಲಿರುವುದರಿಂದ.

ಮೈಸೂರು ಸೀಮೆಯ ಮನೆಯಲ್ಲಿ ಮೊದಲು ಕೂರುವುದು ಪಟ್ಟದ ಗೊಂಬೆ. ರಕ್ತಚಂದನದಲ್ಲಿ ಕಡೆದ ಗಂಡು ಹೆಣ್ಣಿನ ಜೋಡಿ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವುದು ರೂಢಿ, ತಿರುಪತಿಯಿಂದ ತಂದ ಜೋಡಿಗಳೂ ಎಷ್ಟೋ ಮನೆಗಳಲ್ಲಿವೆ. ಮೈಯೆಲ್ಲ ಒಂದೇ ಕೊರಡು, ಕೈಗಳು ಪಕ್ಕೆಗೆ ಅಂಟಿಕೊಂಡಿರುತ್ತವೆ, ಮೂಗು ಕಣ್ಣುಗಳು ಉಳಿಯ ನಾಲ್ಕೈದು ಏಟಿನಲ್ಲಿ ಮುಗಿದಿರುತ್ತವೆ. ಪೆಟ್ಟಿಗೆಯಿಂದ ತೆಗೆದಾಗ ಅದು ಅರಸನೂ ಅಲ್ಲ, ದೇವರೂ ಅಲ್ಲ, ಬರೀ ಮರ. ಜರಿಯಂಚಿನ ತುಂಡು ಉಡಿಸಿ, ಪೇಟ ಸುತ್ತಿ, ಮಣಿಸರ ಹಾಕಿ, ಕಣ್ಣಿಗೆ ಕಾಡಿಗೆ ತೀಡಿದ ಮೇಲೆ ರಾಜ ರಾಣಿಯರಾಗುತ್ತಾರೆ. ಕೆಲವು ಮನೆಗಳಲ್ಲಿ ಶ್ರೀನಿವಾಸ ಪದ್ಮಾವತಿಯರು. ವಿಜಯದಶಮಿಯ ರಾತ್ರಿ ಆರತಿಯೆತ್ತಿ ಮಲಗಿಸುವುದೂ ಇವನ್ನೇ. ಅಂದರೆ ಹಬ್ಬ ಏಳುವುದೂ ಮಲಗುವುದೂ ಈ ಜೋಡಿಯೊಡನೆ. ರಾಮಾಯಣದ ಒಂದು ಗೊಂಬೆಯೂ ಇಲ್ಲದ ಮನೆಯಲ್ಲಿ ಹಬ್ಬ ಕುಂದುವುದಿಲ್ಲ. ಪಟ್ಟದ ಗೊಂಬೆಯಿಲ್ಲದಿದ್ದರೆ ಅಜ್ಜಿಯರು ಒಪ್ಪುವುದಿಲ್ಲ.

ಮೆಟ್ಟಿಲಿನ ನಡುವೆ ಒಡ್ಡೋಲಗ ಕೊಟ್ಟು ಕೂತ ಒಂದು ಜೋಡಿ. ರಾಮಾಯಣಕ್ಕೆ ಇಲ್ಲಿ ಪ್ರವೇಶ ಸಿಗಬೇಕಾದರೆ ಅದು ಸಿಂಹಾಸನದ ಮೂಲಕವೇ ಸಿಗಬೇಕು. ಮೆಟ್ಟಿಲಿನ ಮೇಲೆ ಎಡೆಬಿಡದೆ ಕಾಣುವ ರಾಮಾಯಣದ ಸನ್ನಿವೇಶ ಪಟ್ಟಾಭಿಷೇಕ ಆಗಿರುವುದು ಆಕಸ್ಮಿಕವಲ್ಲ. ರಾಮ ಸೀತೆ ಕೂತಿದ್ದಾರೆ, ಭರತ ಶತ್ರುಘ್ನ ಲಕ್ಷ್ಮಣರು ಛತ್ರ ಚಾಮರ ಹಿಡಿದಿದ್ದಾರೆ, ವಸಿಷ್ಠರಿದ್ದಾರೆ, ಹನುಮಂತ ಪಾದದ ಬಳಿ. ಇದರಲ್ಲಿ ಏನೂ ನಡೆಯುವುದಿಲ್ಲ, ನಡೆಯುವುದೆಲ್ಲ ಮುಗಿದಿದೆ. ಕತೆ ಗೊತ್ತಿಲ್ಲದವನಿಗೂ ಅದು ಅರಸನ ಓಲಗವಾಗಿ ಕಾಣುತ್ತದೆ. ಪಟ್ಟದ ಜೋಡಿಯ ಪಕ್ಕದಲ್ಲಿ ಇಟ್ಟರೆ ಎರಡೂ ಒಂದೇ ಬಗೆಯ ಕೂಟ. ಶರನ್ನವರಾತ್ರಿಯಲ್ಲಿ ರಾಮಾಯಣದ ನವಾಹ ಪಾರಾಯಣ ನಡೆಸುವ ಮನೆಗಳಲ್ಲಿ ಪಟ್ಟಾಭಿಷೇಕದ ಸರ್ಗ ಮುಗಿಯುವುದೂ ಹಬ್ಬದ ಕೊನೆಗೇ. ಮೈಸೂರು ಶೈಲಿಯ ಚಿತ್ರಗಳಲ್ಲೂ ತಂಜಾವೂರಿನ ಚಿತ್ರಗಳಲ್ಲೂ ಪಟ್ಟಾಭಿಷೇಕ ಮತ್ತೆ ಮತ್ತೆ ಬರುವ ವಸ್ತು. ದೇವರ ಮನೆಯ ಗೋಡೆಯಲ್ಲಿ ಗಾಜಿನ ಹಿಂದಿದ್ದದ್ದು ಮಣ್ಣಿನ ಅಚ್ಚಿನಲ್ಲಿ ಮೆಟ್ಟಿಲಿಗೆ ಇಳಿದಿದೆ.

ಅಚ್ಚಿನ ಮಾತು ಬಂದದ್ದರಿಂದ ಸೆಟ್‌ಗಳನ್ನು ತಿರುಗಿಸಿ ನೋಡಬೇಕು. ತಮಿಳುನಾಡಿನ ಪನ್ರುಟ್ಟಿ, ಮಧುರೆಯ ಬಳಿಯ ವಿಲಾಚೇರಿ ಮೊದಲಾದ ಕಡೆಯಿಂದ ಬರುವ ಮಣ್ಣಿನ, ಕಾಗದದ ತಿರುಳಿನ ಗೊಂಬೆಗಳನ್ನು ಮುಂಭಾಗ ಒಂದು, ಹಿಂಭಾಗ ಒಂದು ಅಚ್ಚಿನಲ್ಲಿ ಒತ್ತಿ ಕೂಡಿಸುತ್ತಾರೆ. ಪಕ್ಕೆಯುದ್ದಕ್ಕೂ ಬೆಸುಗೆಯ ಗೆರೆ ಬಣ್ಣದಡಿಯಲ್ಲೂ ಬೆರಳಿಗೆ ಸಿಗುತ್ತದೆ, ಒಳಗೆ ಟೊಳ್ಳು. ಪಟ್ಟಾಭಿಷೇಕದ ಎಷ್ಟೋ ಸೆಟ್‌ಗಳಲ್ಲಿ ಮೂವರು ತಮ್ಮಂದಿರು ಒಂದೇ ಅಚ್ಚಿನವರು. ಮೈಬಣ್ಣ ಬೇರೆ, ಕೈಯಲ್ಲಿ ಹಿಡಿದದ್ದು ಬೇರೆ, ಅಷ್ಟೆ. ನಿಂತವರು ನಿಂತೇ ಇರುವ, ಕೂತವರು ಕೂತೇ ಇರುವ ಓಲಗಕ್ಕೆ ಈ ಕಸುಬು ಹೇಳಿಮಾಡಿಸಿದಂತಿದೆ. ಯುದ್ಧಕ್ಕೆ, ಓಟಕ್ಕೆ, ಮರ ಕೀಳುವ ಹನುಮನಿಗೆ ಪ್ರತಿಯೊಂದಕ್ಕೂ ಬೇರೆ ಅಚ್ಚು ಬೇಕು, ಚಾಚಿದ ಕೈ ಪೆಟ್ಟಿಗೆಯಲ್ಲಿ ಮುರಿಯುತ್ತದೆ. ಮೆಟ್ಟಿಲಿನ ರಾಮಾಯಣದಲ್ಲಿ ಓಲಗ ಹೆಚ್ಚು, ಕತೆ ಕಡಿಮೆ ಇರುವುದಕ್ಕೆ ಭಕ್ತಿಯಷ್ಟೇ ಮಣ್ಣೂ ಕಾರಣ.

ಹಾಗೆಂದು ಕತೆಯ ರಾಮಾಯಣ ಇಲ್ಲವೇ? ಇದೆ, ನೆಲದ ಮೇಲೆ. ಇದನ್ನು ಯಾರೂ ಗಮನಿಸಿ ಬರೆದಂತಿಲ್ಲ. ಮೆಟ್ಟಿಲಿನ ಕೆಳಗೆ, ಮುಂದೆ ಅಥವಾ ಪಕ್ಕದಲ್ಲಿ ಮಕ್ಕಳು ‘ಪಾರ್ಕು’ ಮಾಡುತ್ತಾರೆ. ಹಬ್ಬಕ್ಕೆ ಮುಂಚೆಯೇ ತಟ್ಟೆಗಳಲ್ಲಿ ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿ ಬೆಳೆಸಿದ ಪೈರು ಅಲ್ಲಿ ಗದ್ದೆಯೋ ಕಾಡೋ ಆಗುತ್ತದೆ, ಕನ್ನಡಿಯ ಚೂರು ಕೆರೆಯಾಗುತ್ತದೆ, ಮರಳಿನ ಗುಡ್ಡ ಬೆಟ್ಟವಾಗುತ್ತದೆ. ಶೆಟ್ಟಿ ಶೆಟ್ಟಮ್ಮನ ಅಂಗಡಿಯೂ ಇಲ್ಲೇ: ಎರಡು ಸ್ಥೂಲ ಗೊಂಬೆಗಳ ಮುಂದೆ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಉಪ್ಪು, ಬೆಲ್ಲ. ಅಶೋಕವನ, ಪರ್ಣಕುಟಿ, ಗುಹನ ದೋಣಿ, ಸೇತುವೆ ಕಟ್ಟುವ ಕಪಿಗಳು ಬರುವುದು ಈ ನೆಲಕ್ಕೆ. ಕುಂಭಕರ್ಣನೂ ಇಲ್ಲೇ ಮಲಗುತ್ತಾನೆ. ಹೊಟ್ಟೆಯ ಮೇಲೆ ಹತ್ತಿ ಡೋಲು ಬಾರಿಸುವ, ಕಿವಿಯಲ್ಲಿ ಕಹಳೆಯೂದುವ ಪುಟ್ಟ ರಾಕ್ಷಸರ ಸಮೇತ ಆ ಸೆಟ್ ಮಕ್ಕಳಿಗೆ ಪಟ್ಟಾಭಿಷೇಕಕ್ಕಿಂತ ಪ್ರಿಯ. ಅಂಥ ದೊಡ್ಡ ಮಲಗಿದ ದೇಹವನ್ನು ಮೆಟ್ಟಿಲಿನಲ್ಲಿಡಲು ಜಾಗವಿಲ್ಲವೆಂಬುದು ನಿಜ. ಗುಹನ ದೋಣಿಗೆ ಮೆಟ್ಟಿಲಿನಲ್ಲಿ ಬೇಕಾದಷ್ಟು ಜಾಗವಿದೆ; ಅದೂ ನೆಲಕ್ಕೇ ಇಳಿಯುತ್ತದೆ, ಏಕೆಂದರೆ ನೀರು ಇರುವುದು ನೆಲದಲ್ಲಿ.

ಆದ್ದರಿಂದ ರಾಮಾಯಣ ಎರಡು ಬಾಗಿಲಿನಿಂದ ಬಂದಿದೆ. ಪಟ್ಟಾಭಿಷೇಕ ಪಟ್ಟದ ಗೊಂಬೆಯ ಜೊತೆಗಾತಿಯಾಗಿ ಮೆಟ್ಟಿಲನ್ನೇರಿತು. ಕತೆ ಮಕ್ಕಳ ಆಟದ ಜೊತೆ ನೆಲದ ಮೇಲೆ ಹರಡಿತು. ಎರಡಕ್ಕೂ ನಿಯಮಗಳೇ ಬೇರೆ. ಮೆಟ್ಟಿಲಿನದನ್ನು ಮನೆಯ ಹಿರಿಯ ಹೆಂಗಸು ಜೋಡಿಸುತ್ತಾಳೆ, ಒಮ್ಮೆ ಇಟ್ಟದ್ದನ್ನು ಹಬ್ಬ ಮುಗಿಯುವವರೆಗೆ ಕದಲಿಸುವಂತಿಲ್ಲ. ನೆಲದ್ದನ್ನು ಮಕ್ಕಳು ದಿನಕ್ಕೊಂದು ಬಾರಿ ಕೆಡಿಸಿ ಕಟ್ಟುತ್ತಾರೆ, ಹನುಮಂತನ ಪಕ್ಕದಲ್ಲಿ ಚನ್ನಪಟ್ಟಣದ ರೈಲು ನಿಂತರೂ ಯಾರೂ ಗದರುವುದಿಲ್ಲ.

ಅರಮನೆಯ ಪ್ರಭಾವವೇ ಇಲ್ಲವೆಂದು ಇದರಿಂದ ಹೊರಡುವುದಿಲ್ಲ. ಮೈಸೂರಿನಲ್ಲಿ ನವರಾತ್ರಿಗೆ ಸಿಂಹಾಸನ ಜೋಡಿಸಿ ಪೂಜಿಸಿ, ಒಡೆಯರು ಸಂಜೆಯ ಹೊತ್ತು ದರ್ಬಾರು ನಡೆಸುತ್ತಿದ್ದುದನ್ನು ಊರೇ ಬಲ್ಲದು. ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ದಸರಾ ಮೆರವಣಿಗೆಯ ಚಿತ್ರವಿದೆ. 1897ರ ಬೆಂಕಿಯ ನಂತರ ಕಟ್ಟಿ 1912ರಲ್ಲಿ ಮುಗಿಸಿದ ಈಗಿನ ಅರಮನೆಯಲ್ಲಿ ಗೊಂಬೆ ತೊಟ್ಟಿಯೆಂಬ ಭಾಗವೇ ಇದೆ. ಮನೆಯ ಮೆಟ್ಟಿಲು ಓಲಗದಂತೆ ಕಾಣುವುದಕ್ಕೆ ಈ ಓಲಗದ ನೆರಳು ಸಾಕು; ಅದಕ್ಕಾಗಿ ತುಂಗಭದ್ರೆಯವರೆಗೆ ಹೋಗಬೇಕಿಲ್ಲ. ಅರಸೊತ್ತಿಗೆಯ ನವರಾತ್ರಿ, ಅರಮನೆಯ ರಾಮಾಯಣ ಎರಡೂ ಒಟ್ಟಿಗಿದ್ದ ಜಾಗವೇ ಬೇಕೆಂದರೆ ತಮಿಳು ಸೀಮೆಯ ರಾಮನಾಥಪುರದಲ್ಲಿ ಸೇತುಪತಿ ಅರಸರ ರಾಮಲಿಂಗ ವಿಲಾಸಂ ಅರಮನೆ ಇದೆ. 18ನೆಯ ಶತಮಾನದ ಮೊದಲ ಭಾಗದ ಅಲ್ಲಿನ ಭಿತ್ತಿಚಿತ್ರಗಳಲ್ಲಿ ರಾಮಾಯಣವೂ ಇದೆ, ಅರಸನಿಗೆ ದೇವಿ ರಾಜದಂಡ ಕೊಡುವ ಚಿತ್ರವೂ ಇದೆ. ಗೊಂಬೆಯನ್ನು ಅಲ್ಲಿಂದ ತಂದವರನ್ನು ನಾನು ಕಂಡಿಲ್ಲ. ಹಂಪೆಗೆ ಇರುವ ಸೆಳೆತ ರಾಮನಾಥಪುರಕ್ಕಿಲ್ಲ ಎನ್ನುವುದರ ಹೊರತು ಇದಕ್ಕೆ ಬೇರೆ ಕಾರಣ ತೋಚುವುದಿಲ್ಲ.

ನನ್ನ ವಿಂಗಡಣೆಗೆ ಒಪ್ಪದ ಒಂದು ಬಗೆ ಇದೆ. ಪುತ್ರಕಾಮೇಷ್ಟಿಯಿಂದ ಪಟ್ಟಾಭಿಷೇಕದವರೆಗೆ ಕಾಂಡವಾರು, ಸನ್ನಿವೇಶವಾರು ಇಡೀ ರಾಮಾಯಣವನ್ನು ನಡುಮನೆಯ ಗೋಡೆಯುದ್ದಕ್ಕೂ ಮೇಜುಗಳ ಮೇಲೆ ಹರಡಿ, ಪ್ರತಿಯೊಂದಕ್ಕೂ ಚೀಟಿ ಬರೆದು ಅಂಟಿಸುವ ಮನೆಗಳು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಈಗ ಸಾಕಷ್ಟಿವೆ. ಗೊಂಬೆ ಸ್ಪರ್ಧೆಗಳು ಬಂದ ಮೇಲೆ, ‘ಥೀಮ್’ ಏನೆಂದು ತೀರ್ಪುಗಾರರು ಕೇಳತೊಡಗಿದ ಮೇಲೆ ಇದು ಬೆಳೆಯಿತು. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ‘ಬೊಂಬೆ ಮನೆ’ಯಂಥ ಮಾರಾಟ ಪ್ರದರ್ಶನಗಳಲ್ಲಿ ನಾನಾ ಪ್ರಾಂತ್ಯದ ಸೆಟ್‌ಗಳು ಒಂದೇ ಸೂರಿನಡಿ ಸಿಗುವುದರಿಂದ ಸುಲಭವೂ ಆಯಿತು. ಇಂಥ ಮನೆಗಳಲ್ಲಿ ಮೆಟ್ಟಿಲು ಒಂದು ಮೂಲೆಗೆ ಸರಿದಿರುತ್ತದೆ, ಪಟ್ಟದ ಗೊಂಬೆ ಅದರ ಮೇಲಿರುತ್ತದೆ. ನೋಡಲು ಬಂದವರು ಗೋಡೆಯುದ್ದಕ್ಕೂ ನಡೆಯುತ್ತಾ ಕತೆ ಓದುತ್ತಾರೆ. ಹಜಾರ ರಾಮನ ಗುಡಿಯನ್ನು ಹೋಲುವ ಗೊಂಬೆ ರಾಮಾಯಣ ಇದೊಂದೇ, ಮತ್ತು ಇದು ಇರುವ ಬಗೆಗಳಲ್ಲೆಲ್ಲ ಹೊಸದು. ಹಂಪೆ ವಾದದವರು ಇದನ್ನು ನೋಡಿ ಹಿಂದಕ್ಕೆ ಓದಿದ್ದಾರೆ.